ಸದ್ದಿಲ್ಲದ ಡೆಸ್ಕ್‌ಟಾಪ್: ಏರ್ ಕೂಲರ್, ವಾಟರ್ ಕೂಲರ್ ಆರಿಸುವುದು ಹೇಗೆ?

ಡೆಸ್ಕ್‌ಟಾಪ್ ಗುಂಯ್‌ಗುಡಲು ಶುರುವಾದರೆ ಎಷ್ಟೋ ಜನ ಮೊದಲು ಹುಡುಕುವುದು ಡಬ್ಬದ ಮೇಲೆ ‘ಸೈಲೆಂಟ್’ ಅಂತ ಬರೆದಿರುವ ಫ್ಯಾನು. ಇನ್ನು ಕೆಲವರು ಫ್ಯಾನಿನ ಸಹವಾಸವೇ ಬೇಡ ಅಂತ ಪ್ರೊಸೆಸರನ್ನು ನೀರಿನಿಂದ ತಣ್ಣಗಿಡುವ ವಾಟರ್ ಕೂಲರ್ ಹಾಕಲು ಹೊರಡುತ್ತಾರೆ. ಎರಡರಲ್ಲೂ ದುಡ್ಡು ಖರ್ಚಾಗಿ ಸದ್ದು ಹಾಗೇ ಉಳಿಯಬಹುದು. ಸದ್ದೇ ಮಾಡದ ಫ್ಯಾನು ಅಂತ ಯಾವುದೂ ಇಲ್ಲ. ನಿಧಾನವಾಗಿ ತಿರುಗುವ ಫ್ಯಾನು ಇದೆ, ಅಷ್ಟೆ. ಹಾಗಾಗಿ ಯಾವ ಭಾಗ ಕೊಳ್ಳುವಾಗಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಹಾಕಿದ ಮೇಲೆ ನನ್ನ ಫ್ಯಾನುಗಳು ಈಗಿನದಕ್ಕಿಂತ ನಿಧಾನವಾಗಿ ತಿರುಗಿದರೂ ಸಾಕಾಗುತ್ತದಾ? ಹೌದು ಅಂತಾದರೆ ಕೊಳ್ಳಿ. ಇಲ್ಲ ಅಂತಾದರೆ ಅದು ಎಷ್ಟೇ ಹೆಸರುವಾಸಿ ಕಂಪನಿಯದ್ದಾದರೂ ಬಿಡಿ.

1. ಮೊದಲು ಸದ್ದು ಯಾವುದರದ್ದು ಅಂತ ಪತ್ತೆ ಮಾಡಿ

ಏನನ್ನೂ ಕೊಳ್ಳುವ ಮುಂಚೆ ಸ್ವಲ್ಪ ಹೊತ್ತು ಸುಮ್ನೆ ಕೂತು ಕಿವಿಗೊಟ್ಟು ಕೇಳಿ. ಸುತ್ತಮುತ್ತ ಬೇರೆ ಗಲಾಟೆ ಇಲ್ಲದ ಹೊತ್ತು ಒಳ್ಳೆಯದು. ಕ್ಯಾಬಿನೆಟ್‌ನ ಪಕ್ಕದ ತಗಡು ತೆಗೆಯಿರಿ. ಬಯಾಸ್‌ನಲ್ಲೋ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳ ಪರದೆ) ಫ್ಯಾನು ನಿಯಂತ್ರಿಸುವ ಸಾಫ್ಟ್‌ವೇರ್‌ನಲ್ಲೋ ಒಂದೊಂದೇ ಫ್ಯಾನಿನ ವೇಗ ಇಳಿಸಿ, ಏನು ಬದಲಾಯಿತು ಅಂತ ಗಮನಿಸಿ. ಕ್ಯಾಬಿನೆಟ್ ಫ್ಯಾನುಗಳನ್ನು ಸ್ವಲ್ಪ ಹೊತ್ತು ಪೂರ್ತಿ ನಿಲ್ಲಿಸಿದರೂ ತೊಂದರೆ ಇಲ್ಲ. ಪ್ರೊಸೆಸರ್ ಮೇಲಿನ ಫ್ಯಾನನ್ನು, ಪಂಪನ್ನು ಮಾತ್ರ ನಿಲ್ಲಿಸಬೇಡಿ. ವೇಗ ಇಳಿಸಿ ನೋಡಿದರೆ ಸಾಕು.

ಸದ್ದಿನ ಬಗೆ ಕೇಳಿದರೆ ಮೂಲ ಅರ್ಧ ಗೊತ್ತಾಗುತ್ತದೆ. ಒಂದೇ ಸಮ ‘ಬುಸ್’ ಅಂತಿದ್ದರೆ ಅದು ಗಾಳಿಯ ಸದ್ದು, ಯಾವುದೋ ಫ್ಯಾನು ಜೋರಾಗಿ ತಿರುಗುತ್ತಿದೆ. ‘ಗುಂಯ್’ ಅಂತ ಒಂದೇ ಸ್ವರ ಹಿಡಿದಿದ್ದರೆ ಮೋಟಾರು ಅಥವಾ ಬೇರಿಂಗ್, ಇಲ್ಲವೇ ಅದರ ಜೊತೆ ಕ್ಯಾಬಿನೆಟ್‌ನ ತಗಡೂ ನಡುಗುತ್ತಿದೆ. ತಗಡಿನ ಮೇಲೆ ಅಂಗೈ ಒತ್ತಿ. ಸದ್ದು ನಿಂತರೆ ಅದು ತಗಡಿನದೇ. ‘ಊಂ... ಊಂ...’ ಅಂತ ಏರಿ ಇಳಿಯುತ್ತಿದ್ದರೆ ಎರಡು ಫ್ಯಾನುಗಳು ಹತ್ತಿರ ಹತ್ತಿರದ, ಆದರೆ ಒಂದೇ ಅಲ್ಲದ ವೇಗದಲ್ಲಿ ತಿರುಗುತ್ತಿವೆ. ಒಂದರ ವೇಗ 50–100 ಸುತ್ತು (ಈ ಬರಹದಲ್ಲಿ ಸುತ್ತು ಅಂದರೆ ನಿಮಿಷಕ್ಕೆ ಅಷ್ಟು ಸುತ್ತು) ಬದಲಿಸಿದರೆ ಹೋಗುತ್ತದೆ. ‘ಗೊಳಗೊಳ’ ಅಂದರೆ ವಾಟರ್ ಕೂಲರ್‌ನ ಪಂಪಿನೊಳಗೆ ಗಾಳಿಗುಳ್ಳೆ ಸೇರಿದೆ. ಟಿಕ್‌ಟಿಕ್ ಅಂತಿದ್ದರೆ ಮೊದಲು ವೈರು ಯಾವುದಾದರೂ ರೆಕ್ಕೆಗೆ ತಾಗುತ್ತಿದೆಯಾ ನೋಡಿ.

ಆಟ ಆಡುವಾಗ ‘ಕೀಂಯ್’ ಅಂತ ಸಣ್ಣ ದನಿ ಬಂದರೆ ಅದು ಗ್ರಾಫಿಕ್ಸ್ ಕಾರ್ಡ್ ಅಥವಾ ಎಸ್‌ಎಂಪಿಎಸ್‌ನೊಳಗಿನ ಕಾಯಿಲ್ ನಡುಗುವ ಸದ್ದು. ಇದಕ್ಕೆ ಯಾವ ಕೂಲರೂ ಮದ್ದಲ್ಲ. ಆಟದ ಫ್ರೇಮ್ ರೇಟ್‌ಗೆ ಮಿತಿ ಹಾಕಿದರೆ ಕಡಿಮೆಯಾಗುವುದುಂಟು. ಮೇಜಿನ ಮೇಲೆ ಕೈಯಿಟ್ಟರೆ ಕೈಗೇ ತಾಗುವ ಮಂದ ನಡುಕ ಇದ್ದರೆ ಹಾರ್ಡ್ ಡಿಸ್ಕ್ ಅನ್ನಿ. 7200 ಸುತ್ತಿನ ಡಿಸ್ಕು ಸೆಕೆಂಡಿಗೆ 120 ಸಲ ತಿರುಗುತ್ತದೆ, ಅದರ ನಡುಕವೂ 120 ಹರ್ಟ್ಜ್‌ನದ್ದು. ಸಾಧ್ಯವಿದ್ದರೆ ಎಸ್‌ಎಸ್‌ಡಿಗೆ ಬದಲಾಯಿಸಿ. ಡಿಸ್ಕು ಬೇಕೇ ಬೇಕು ಅಂದರೆ ರಬ್ಬರ್ ವಾಷರ್ ಮೇಲೆ ಕೂರಿಸಿ.

2. ಎಷ್ಟು ಶಾಖ ಹೊರಹಾಕಬೇಕು ಅಂತ ತಿಳಿದುಕೊಳ್ಳಿ, ಆಮೇಲೆ ಅದನ್ನು ಇಳಿಸಿ

ಕಂಪ್ಯೂಟರ್ ಎಳೆಯುವ ಕರೆಂಟು ಹೆಚ್ಚುಕಡಿಮೆ ಪೂರ್ತಿ ಶಾಖವಾಗುತ್ತದೆ. ಹಾಗಾಗಿ ಪ್ರೊಸೆಸರ್ ಎಷ್ಟು ವ್ಯಾಟ್ ಎಳೆಯುತ್ತದೆ ಅನ್ನುವುದು ಮುಖ್ಯ. ಡಬ್ಬದ ಮೇಲಿನ ಟಿಡಿಪಿಯನ್ನು (ಕಂಪನಿ ಹೇಳುವ ಶಾಖದ ಅಂಕಿ) ಮಾತ್ರ ನಂಬಬೇಡಿ. ರೈಜನ್ 9 7950ಎಕ್ಸ್‌ನ ಟಿಡಿಪಿ 170 ವ್ಯಾಟ್, ಆದರೆ ಅದು ಮದರ್‌ಬೋರ್ಡ್‌ನ ಸಾಕೆಟ್‌ನಿಂದ 230 ವ್ಯಾಟ್‌ವರೆಗೆ ಎಳೆಯಬಹುದು. ಇಂಟೆಲ್ ಕೋರ್ ಐ9-14900ಕೆಯ ಮೂಲ ಅಂಕಿ 125, ಟರ್ಬೋದಲ್ಲಿ 253. ರೈಜನ್ 5 7600 ಮಾತ್ರ 65 ವ್ಯಾಟ್ ಅಂತ ಹೇಳಿ 88ಕ್ಕೇ ನಿಲ್ಲುತ್ತದೆ. ನಿಮ್ಮ ಪ್ರೊಸೆಸರ್ ನಿಮ್ಮ ಕೆಲಸದಲ್ಲಿ ನಿಜಕ್ಕೂ ಎಷ್ಟು ಎಳೆಯುತ್ತದೆ ಅಂತ ಎಚ್‌ಡಬ್ಲ್ಯೂಇನ್ಫೋ ಅನ್ನುವ ಸಾಫ್ಟ್‌ವೇರ್‌ನಲ್ಲಿ ನೋಡಬಹುದು. ದಿನವೂ ಮಾಡುವ ಕೆಲಸವನ್ನೇ ಅರ್ಧ ಗಂಟೆ ಮಾಡಿ, ಅಂಕಿ ಬರೆದಿಟ್ಟುಕೊಳ್ಳಿ. ಬೆಂಚ್‌ಮಾರ್ಕ್‌ನ ಅಂಕಿಗೆ ಕೂಲರ್ ಕೊಳ್ಳುವುದು ಬೇಡ.

ಇಲ್ಲೇ ಖರ್ಚಿಲ್ಲದ ಒಂದು ಉಪಾಯ ಇದೆ. ಬಯಾಸ್‌ನಲ್ಲಿ ಪ್ರೊಸೆಸರ್‌ಗೆ ವ್ಯಾಟ್ ಮಿತಿ ಹಾಕಿ. ರೈಜನ್‌ನಲ್ಲಿ ಇದನ್ನು ಇಕೋ ಮೋಡ್ ಅಂತಾರೆ. 170 ವ್ಯಾಟ್‌ನ ಚಿಪ್ಪನ್ನು 105ಕ್ಕೋ 65ಕ್ಕೋ ಇಳಿಸಬಹುದು. ಇಂಟೆಲ್‌ನಲ್ಲಿ ಪಿಎಲ್1, ಪಿಎಲ್2 ಅನ್ನುವ ಎರಡು ಮಿತಿಗಳಿವೆ. ಕೊನೆಯ ಒಂದಿಷ್ಟು ವೇಗಕ್ಕಾಗಿ ಚಿಪ್ಪುಗಳು ತುಂಬಾ ಜಾಸ್ತಿ ಕರೆಂಟು ತಿನ್ನುತ್ತವೆ. ಅದನ್ನು ಬಿಟ್ಟುಕೊಟ್ಟರೆ ಶಾಖ ಇಳಿದಷ್ಟು ವೇಗ ಇಳಿಯುವುದಿಲ್ಲ. ಕಡಿಮೆ ಸದ್ದು ಬೇಕು ಅನ್ನುವವರು ಮೊದಲು ಮಾಡಬೇಕಾದ ಕೆಲಸ ಇದು. ಎಷ್ಟೋ ಜನರಿಗೆ ಇದಾದ ಮೇಲೆ ಹೊಸ ಕೂಲರ್ ಬೇಕಾಗುವುದೇ ಇಲ್ಲ.

ಇನ್ನೊಂದು ಮಾತು. ಬಿಸಿಗೆ ಹೆದರಬೇಡಿ. ರೈಜನ್ 7000 ಸರಣಿಯ ದೊಡ್ಡ ಚಿಪ್ಪುಗಳನ್ನು ಪೂರ್ತಿ ಹೊರೆಯಲ್ಲಿ 95 ಡಿಗ್ರಿಯವರೆಗೆ ಹೋಗುವಂತೆಯೇ ರೂಪಿಸಿದ್ದಾರೆ. ಐ9-14900ಕೆಯ ಮಿತಿ 100 ಡಿಗ್ರಿ. 80 ಡಿಗ್ರಿ ಕಂಡ ತಕ್ಷಣ ಫ್ಯಾನು ಪೂರ್ತಿ ಓಡಿಸುವ ಅಗತ್ಯ ಇಲ್ಲ. ಚಿಪ್ಪು 65 ಡಿಗ್ರಿಯಲ್ಲೇ ಇರಬೇಕು ಅಂತ ಹಟ ಹಿಡಿದರೆ ಆ 15 ಡಿಗ್ರಿಯ ಬೆಲೆಯನ್ನು ನಿಮ್ಮ ಕಿವಿ ತೆರಬೇಕಾಗುತ್ತದೆ.

3. ಫ್ಯಾನು ಆರಿಸುವುದು

ಎಲ್ಲ ಲೆಕ್ಕಾಚಾರದ ಬೇರು ಇಲ್ಲಿದೆ, ಸ್ವಲ್ಪ ನಿಧಾನವಾಗಿ ನೋಡೋಣ. ಫ್ಯಾನಿನ ವೇಗ ಅರ್ಧ ಮಾಡಿದರೆ ಅದು ತಳ್ಳುವ ಗಾಳಿ ಅರ್ಧ ಆಗುತ್ತದೆ. ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧ ಆದಂತೆ ಕೇಳುತ್ತದೆ ಅನ್ನುವುದು ರೂಢಿಯ ಲೆಕ್ಕ. ಆದರೆ ಒಂದು ಫ್ಯಾನಿನ ಪಕ್ಕ ಅಂಥದ್ದೇ ಇನ್ನೊಂದು ಇಟ್ಟರೆ ಏರುವುದು 3 ಡೆಸಿಬೆಲ್ ಮಾತ್ರ. ಈಗ ಕೂಡಿ ಕಳೆದು ನೋಡಿ. 1500 ಸುತ್ತಿನ ಒಂದು ಫ್ಯಾನಿನ ಬದಲು 750 ಸುತ್ತಿನ ಎರಡು ಫ್ಯಾನು ಹಾಕಿದರೆ ಗಾಳಿ ಅಷ್ಟೇ, ಸದ್ದು 12 ಡೆಸಿಬೆಲ್ ಕಡಿಮೆ. ಒಂದು ಫ್ಯಾನು ಕಿರುಚುವ ಬದಲು ಮೂರ್ನಾಲ್ಕು ಫ್ಯಾನು ಮೆಲ್ಲಗೆ ತಿರುಗಲಿ ಅನ್ನುವುದು ಇದಕ್ಕೇ.

ಈ ಲೆಕ್ಕ ಕಾಗದದ ಮೇಲೆ ಕಾಣುವಷ್ಟು ಸಲೀಸಲ್ಲ. ವೇಗ ಅರ್ಧವಾದಾಗ ಗಾಳಿಯ ಒತ್ತಡ ಅರ್ಧವಲ್ಲ, ಕಾಲು ಭಾಗಕ್ಕೆ ಕುಸಿಯುತ್ತದೆ. ಅಂದರೆ ನಿಧಾನದ ಫ್ಯಾನಿಗೆ ಅಡ್ಡಿಯನ್ನು ದಾಟುವ ಕಸುವು ಇರುವುದಿಲ್ಲ. ಜೋರಾದ ಫ್ಯಾನು ದಪ್ಪ ಧೂಳಿನ ಫಿಲ್ಟರ್, ಮುಚ್ಚಿದ ಮುಂಭಾಗ, ಒತ್ತೊತ್ತಾದ ಫಿನ್ನು (ಶಾಖ ಬಿಡುವ ತೆಳು ಲೋಹದ ಹಾಳೆ) ಎಲ್ಲವನ್ನೂ ತಳ್ಳಿಕೊಂಡು ಹೋಗುತ್ತದೆ. 700 ಸುತ್ತಿನ ಫ್ಯಾನು ಅಲ್ಲೇ ಸೋತು ನಿಲ್ಲುತ್ತದೆ. ಮುಂದೆ ಕ್ಯಾಬಿನೆಟ್, ಹೀಟ್‌ಸಿಂಕ್ (ಚಿಪ್ಪಿನ ಮೇಲೆ ಕೂರುವ ಫಿನ್ನಿನ ಗಟ್ಟಿ), ರೇಡಿಯೇಟರ್ (ನೀರಿನ ಶಾಖವನ್ನು ಗಾಳಿಗೆ ಬಿಡುವ ಭಾಗ) ಆರಿಸುವಾಗಲೆಲ್ಲ ಇದನ್ನು ನೆನಪಿಡಿ: ಗಾಳಿಯ ದಾರಿ ಬಿಡುವಾಗಿದ್ದರೆ ಮಾತ್ರ ಫ್ಯಾನು ನಿಧಾನವಾಗಿ ತಿರುಗಲು ಸಾಧ್ಯ.

ಜಾಗ ಇದ್ದರೆ 120 ಎಂಎಂ ಬದಲು 140 ಎಂಎಂ ಫ್ಯಾನು ತಗೊಳ್ಳಿ. ಅಷ್ಟೇ ಗಾಳಿಗೆ ಅದು ಕಡಿಮೆ ಸುತ್ತು ತಿರುಗಿದರೆ ಸಾಕು. ಆದರೆ 120 ಎಂಎಂಗೆ ಮಾಡಿದ ಜಾಗದಲ್ಲಿ 140 ಕೂರುವುದಿಲ್ಲ. ಸ್ಕ್ರೂ ತೂತುಗಳ ಅಂತರ ಒಂದರದ್ದು 105 ಎಂಎಂ, ಇನ್ನೊಂದರದ್ದು 124.5. ದಪ್ಪ 25 ಎಂಎಂ ಇರಲಿ. 15 ಎಂಎಂನ ತೆಳು ಫ್ಯಾನು ಬೇರೆ ದಾರಿಯೇ ಇಲ್ಲದಾಗ ಮಾತ್ರ.

ಡಬ್ಬದ ಮೇಲಿನ ಡೆಸಿಬೆಲ್ ಅಂಕಿ ಹಿಡಿದು ಎರಡು ಕಂಪನಿಗಳ ಫ್ಯಾನು ಹೋಲಿಸಬೇಡಿ. ಅಳೆಯುವ ದೂರ, ಜಾಗ ಎಲ್ಲ ಬೇರೆ ಬೇರೆ ಇರುತ್ತದೆ. ಅದಕ್ಕಿಂತ ಈ ಕೆಲವು ಸಂಗತಿ ನೋಡಿ. ಒಂದು, ಬೇರಿಂಗ್. ಸಾದಾ ಸ್ಲೀವ್ ಬೇರಿಂಗ್ ಹೊಸದರಲ್ಲಿ ಸದ್ದು ಮಾಡುವುದಿಲ್ಲ, ಸವೆದ ಮೇಲೆ ಗೊರಗುಡುತ್ತದೆ. ಫ್ಲೂಯಿಡ್ ಡೈನಾಮಿಕ್ ಬೇರಿಂಗ್ ಇರುವುದು ಹೆಚ್ಚು ಕಾಲ ಬಾಳುತ್ತದೆ. ಬಾಲ್ ಬೇರಿಂಗ್ ಬಾಳಿಕೆ ಚೆನ್ನಾಗಿದ್ದರೂ ನಿಧಾನದಲ್ಲಿ ಸಣ್ಣಗೆ ಕಿರ್ ಅನ್ನುವುದುಂಟು. ಎರಡು, ಎಷ್ಟು ಕೆಳಗಿನ ವೇಗದವರೆಗೆ ಇಳಿಯುತ್ತದೆ ಅನ್ನುವುದು. 1800 ಸುತ್ತಿನ ಫ್ಯಾನು 300ಕ್ಕೋ 400ಕ್ಕೋ ಇಳಿದರೆ ಅದು ದೊಡ್ಡ ಗುಣ. 900ಕ್ಕೇ ನಿಂತರೆ ಬೇಡ. ಮೂರು, ರೆಕ್ಕೆಯ ತುದಿಗೂ ಚೌಕಟ್ಟಿಗೂ ನಡುವಿನ ಸಂದು. ಸಂದು ಕಿರಿದಾದಷ್ಟೂ ಗಾಳಿ ಹಿಂದಕ್ಕೆ ಸೋರುವುದು ಕಡಿಮೆ. ನಾಕ್ಟುವಾ ಎನ್ಎಫ್-ಎ12ಎಕ್ಸ್25 ಫ್ಯಾನಿನಲ್ಲಿ ಈ ಸಂದು ಬರೀ ಅರ್ಧ ಎಂಎಂ. ತಿರುಗುವಾಗ ಸಾದಾ ಪ್ಲಾಸ್ಟಿಕ್ ರೆಕ್ಕೆ ಕಾಲಕ್ರಮೇಣ ಹಿಗ್ಗಿ ಚೌಕಟ್ಟಿಗೆ ತಾಗಬಾರದು ಅಂತ ಅದಕ್ಕೆ ಬೇರೆಯೇ ಗಟ್ಟಿ ಪ್ಲಾಸ್ಟಿಕ್ ಬಳಸಿದ್ದಾರೆ. ಅದರ ಬೆಲೆ ಜಾಸ್ತಿ ಇರುವುದಕ್ಕೆ ಇದೂ ಒಂದು ಕಾರಣ. ಹಾಗಂತ ಎಲ್ಲ ಕಡೆ ಅದೇ ಬೇಕಿಲ್ಲ. ಆರ್ಕ್ಟಿಕ್ ಪಿ12ನಂಥ ಅಗ್ಗದ ಫ್ಯಾನನ್ನೂ ಕಡಿಮೆ ವೇಗದಲ್ಲಿ ಬಿಟ್ಟರೆ ಕ್ಯಾಬಿನೆಟ್ ಕೆಲಸಕ್ಕೆ ಧಾರಾಳವಾಗಿ ಸಾಕು. ದುಬಾರಿ ಫ್ಯಾನನ್ನು ಹೀಟ್‌ಸಿಂಕ್‌ಗೋ ರೇಡಿಯೇಟರ್‌ಗೋ ಇಡಿ. ಒತ್ತಡದ ಪರೀಕ್ಷೆ ಇರುವುದು ಅಲ್ಲಿ.

ವೋಲ್ಟೇಜ್ ಇಳಿಸದೆಯೇ ವೇಗ ಬದಲಿಸಲು ಬರುವ, ನಾಲ್ಕು ಪಿನ್ನಿನ ಪಿಡಬ್ಲ್ಯೂಎಂ ಫ್ಯಾನನ್ನೇ ಕೊಳ್ಳಿ. ಮೂರು ಪಿನ್ನಿನದ್ದನ್ನು ವೋಲ್ಟೇಜ್ ಇಳಿಸಿ ನಿಧಾನ ಮಾಡಬೇಕು, ತುಂಬಾ ಇಳಿಸಿದರೆ ತಿರುಗಲು ಶುರುವೇ ಆಗದಿರಬಹುದು. ಮದರ್‌ಬೋರ್ಡ್‌ನ ಒಂದು ಫ್ಯಾನ್ ಹೆಡರ್ (ಫ್ಯಾನಿನ ವೈರು ಸಿಕ್ಕಿಸುವ ಜಾಗ) ಸಾಮಾನ್ಯವಾಗಿ 1 ಆಂಪಿಯರ್ ಕೊಡುತ್ತದೆ. ಫ್ಯಾನಿನ ಬೆನ್ನಿನ ಸ್ಟಿಕರ್‌ನಲ್ಲಿ ಆಂಪಿಯರ್ ಬರೆದಿರುತ್ತದೆ, ಕೂಡಿಸಿ ನೋಡಿ ಸ್ಪ್ಲಿಟರ್ (ಒಂದೇ ಹೆಡರ್‌ಗೆ ಹಲವು ಫ್ಯಾನು ಸೇರಿಸುವ ವೈರು) ಹಾಕಿ.

4. ಕ್ಯಾಬಿನೆಟ್

ಒಳಗೆ ಸ್ಪಂಜು ಅಂಟಿಸಿ ಮುಂಭಾಗ ಮುಚ್ಚಿರುವ ‘ಸೈಲೆಂಟ್’ ಕ್ಯಾಬಿನೆಟ್‌ಗಳಿವೆ. ಶಾಖ ಕಡಿಮೆ ಇದ್ದರೆ ಅವು ಚೆನ್ನಾಗಿ ಕೆಲಸ ಮಾಡುತ್ತವೆ. 300–400 ವ್ಯಾಟ್‌ನ ಗ್ರಾಫಿಕ್ಸ್ ಕಾರ್ಡ್ ಇದ್ದರೆ ನನ್ನ ಮತ ಪೂರ್ತಿ ಜಾಲರಿ ಮುಂಭಾಗಕ್ಕೇ. ಜಾಲರಿಯ ಹಿಂದೆ ಮೂರು ಫ್ಯಾನು 600 ಸುತ್ತಿನಲ್ಲಿದ್ದರೆ, ಸ್ಪಂಜಿನ ಹಿಂದೆ 1200ರಲ್ಲಿ ಒದ್ದಾಡುವ ಫ್ಯಾನಿಗಿಂತ ಕಡಿಮೆ ಸದ್ದು. ಫ್ಯಾನಿಗೂ ಜಾಲರಿಗೂ ನಡುವೆ ಒಂದೆರಡು ಸೆಂಟಿಮೀಟರ್ ಬಿಡುವು ಇರುವಂಥದ್ದು ನೋಡಿ. ರೆಕ್ಕೆಗೆ ಅಂಟಿಕೊಂಡೇ ಜಾಲರಿ ಇದ್ದರೆ ಗಾಳಿ ಒಳಗೆಳೆಯುವ ಫ್ಯಾನು ಬೇರೆಯೇ ಗುಂಯ್ ಹೊರಡಿಸುತ್ತದೆ. ಮುಂದೆ ಎರಡು ಮೂರು ಒಳಕ್ಕೆ, ಹಿಂದೆ ಒಂದು ಹೊರಕ್ಕೆ, ಸಾಕು. ಒಳಬರುವ ಗಾಳಿ ಸ್ವಲ್ಪ ಜಾಸ್ತಿ ಇದ್ದರೆ ಧೂಳು ಸಂದುಗಳಿಂದ ನುಗ್ಗುವುದಿಲ್ಲ.

5. ಏರ್ ಕೂಲರ್

150 ವ್ಯಾಟ್ ಒಳಗಿನ ಪ್ರೊಸೆಸರ್‌ಗೆ ಕಡಿಮೆ ಸದ್ದು ಬೇಕಿದ್ದರೆ ನಾನು ಮೊದಲು ಹೇಳುವುದು ದೊಡ್ಡ ಟವರ್ ಏರ್ ಕೂಲರ್. ಇದರಲ್ಲಿ ಸದ್ದು ಮಾಡುವ ಭಾಗ ಫ್ಯಾನು ಮಾತ್ರ. ತಾಮ್ರದ ಹೀಟ್‌ಪೈಪ್‌ನೊಳಗೆ ಚೂರು ನೀರು ಇರುತ್ತದೆ. ಅದು ಪ್ರೊಸೆಸರ್ ಬಳಿ ಆವಿಯಾಗಿ, ಫಿನ್ನುಗಳ ಬಳಿ ತಣ್ಣಗಾಗಿ ಮತ್ತೆ ನೀರಾಗಿ, ಕೊಳವೆಯ ಒಳಗೋಡೆಯ ಸಣ್ಣ ರಂಧ್ರಗಳಲ್ಲಿ ಹಿಂದಕ್ಕೆ ಬರುತ್ತದೆ. ಪಂಪಿಲ್ಲ, ಸವೆಯುವುದಿಲ್ಲ. ಐದಾರು ವರ್ಷದ ಮೇಲೆ ಫ್ಯಾನು ಹೋದರೆ ಫ್ಯಾನು ಮಾತ್ರ ಬದಲಿಸಿದರೆ ಆಯಿತು.

ಜೋಡಿ ಗೋಪುರದ್ದು ಆರಿಸಿ. ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ ಕಡಿಮೆ ಬೆಲೆಗೆ ಆರು ಹೀಟ್‌ಪೈಪ್ ಕೊಡುತ್ತದೆ. ಅದರ ಎತ್ತರ 155 ಎಂಎಂ. ನಾಕ್ಟುವಾ ಎನ್ಎಚ್-ಡಿ15 ಇನ್ನೂ ದೊಡ್ಡದು, 165 ಎಂಎಂ. ಕೊಳ್ಳುವ ಮುಂಚೆ ಕ್ಯಾಬಿನೆಟ್ ಎಷ್ಟು ಎತ್ತರದ ಕೂಲರ್ ಹಿಡಿಸುತ್ತದೆ ಅಂತ ಅದರ ವಿವರಪಟ್ಟಿಯಲ್ಲಿ ನೋಡಿ. ರ್‍ಯಾಮ್‌ನ ಎತ್ತರವನ್ನೂ ಅಳೆಯಿರಿ. ಎನ್ಎಚ್-ಡಿ15ನ ಎರಡೂ ಫ್ಯಾನು ಹಾಕಿದಾಗ ಕೆಳಗೆ ಉಳಿಯುವುದು 32 ಎಂಎಂ. ಬಣ್ಣದ ದೀಪದ ಎತ್ತರದ ರ್‍ಯಾಮ್ ಇದ್ದರೆ ಮುಂದಿನ ಫ್ಯಾನನ್ನು ಮೇಲಕ್ಕೆ ಸರಿಸಬೇಕು. ಆಗ ಕೂಲರ್‌ನ ಎತ್ತರವೂ ಏರುತ್ತದೆ, ಪಕ್ಕದ ತಗಡು ಮುಚ್ಚದೇ ಹೋಗಬಹುದು.

ಹಳೆಯ ಕೂಲರ್ ಇದ್ದವರಿಗೆ ಒಂದು ಸಮಾಧಾನ. ಎಎಂ4, ಎಎಂ5 ಅನ್ನುವುದು ರೈಜನ್ ಪ್ರೊಸೆಸರ್ ಕೂರುವ ಹಳೆಯ, ಹೊಸ ಸಾಕೆಟ್‌ಗಳ ಹೆಸರು. ಎಎಂ4 ಮದರ್‌ಬೋರ್ಡ್‌ನ ಜೊತೆ ಬರುವ ಹಿಂಬದಿ ಪ್ಲೇಟನ್ನೇ ಬಳಸುವ ಕೂಲರ್ ಸಾಮಾನ್ಯವಾಗಿ ಎಎಂ5ಗೂ ಕೂರುತ್ತದೆ.

ಕೂರಿಸುವಾಗ ದಿಕ್ಕು ನೋಡಿ. ಕೂಲರ್‌ನ ಫ್ಯಾನುಗಳು ಮುಂದಿನಿಂದ ಗಾಳಿ ತಗೊಂಡು ಹಿಂದಿನ ಫ್ಯಾನಿನ ಕಡೆಗೆ ದೂಡಬೇಕು. ಒಂದು ತಿರುವುಮುರುವಾದರೂ ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಹಾಗಾಗುತ್ತದೆ. ಹೆಚ್ಚಿನ ಫ್ಯಾನುಗಳಲ್ಲಿ ಗಾಳಿ ಹೊರಡುವುದು ಅಡ್ಡಪಟ್ಟಿಯೂ ಸ್ಟಿಕರೂ ಇರುವ ಕಡೆಗೆ. ಪ್ರೊಸೆಸರ್ ಮತ್ತು ಕೂಲರ್ ನಡುವೆ ಹಚ್ಚುವ ಪೇಸ್ಟಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಒಳ್ಳೆಯ ಪೇಸ್ಟುಗಳ ನಡುವಿನ ವ್ಯತ್ಯಾಸ ಒಂದೆರಡು ಡಿಗ್ರಿ. ಸ್ಕ್ರೂಗಳನ್ನು ಎರಡೂ ಕಡೆ ಸ್ವಲ್ಪ ಸ್ವಲ್ಪವೇ ಸಮನಾಗಿ ಬಿಗಿಯುವುದು ಅದಕ್ಕಿಂತ ಮುಖ್ಯ.

6. ನೀರಿನ ಕೂಲರ್ ಯಾವಾಗ?

ನೀರು ಶಾಖವನ್ನು ನುಂಗಿಹಾಕುವುದಿಲ್ಲ, ಸಾಗಿಸುತ್ತದೆ. ರೇಡಿಯೇಟರ್ ತಲುಪಿದ ಮೇಲೆ ಅದನ್ನು ಗಾಳಿಗೆ ಬಿಡಬೇಕಾದ್ದು ಮತ್ತೆ ಫ್ಯಾನೇ. ಜೊತೆಗೆ ಪಂಪಿನ ಸದ್ದು ಹೊಸದಾಗಿ ಸೇರುತ್ತದೆ. ಹಾಗಾದರೆ ಲಾಭ ಏನು? ಪ್ರೊಸೆಸರ್ ಮೇಲೆ ಹಿಡಿಸದಷ್ಟು ದೊಡ್ಡ ಫಿನ್ನಿನ ಹಾಸನ್ನು ಕ್ಯಾಬಿನೆಟ್‌ನ ಛಾವಣಿಯಲ್ಲಿ ಇಡಬಹುದು. ಇನ್ನೊಂದು, ನೀರು ಬಿಸಿಯಾಗಲು ಹೊತ್ತು ಹಿಡಿಯುತ್ತದೆ. ಹತ್ತು ಸೆಕೆಂಡಿನ ಭಾರೀ ಕೆಲಸಕ್ಕೆ ಫ್ಯಾನು ಬೊಬ್ಬೆ ಹೊಡೆಯಬೇಕಿಲ್ಲ. ಪ್ರೊಸೆಸರ್ ಗಂಟೆಗಟ್ಟಲೆ 200 ವ್ಯಾಟ್‌ಗಿಂತ ಜಾಸ್ತಿ ಎಳೆಯುವ ಕೆಲಸ ನಿಮ್ಮದಾಗಿದ್ದರೆ, ಇಲ್ಲವೇ ಎತ್ತರದ ಟವರ್ ಹಿಡಿಸದ ಕ್ಯಾಬಿನೆಟ್ ಇದ್ದರೆ ನೀರಿನ ಕಡೆ ಹೋಗಿ.

ಕಾರ್ಖಾನೆಯಲ್ಲೇ ನೀರು ತುಂಬಿ ಮುಚ್ಚಿ ಬರುವುದು ಎಐಒ (ಆಲ್-ಇನ್-ಒನ್). ಅದರ ಅಳತೆ ಅಂದರೆ ರೇಡಿಯೇಟರ್‌ನಲ್ಲಿ ಸಾಲಾಗಿ ಕೂರುವ ಫ್ಯಾನುಗಳ ಒಟ್ಟು ಉದ್ದ. ಸದ್ದು ಕಡಿಮೆ ಬೇಕಾದವರಿಗೆ 120 ಎಂಎಂ ಎಐಒ ದಂಡ. 240 ಒಳ್ಳೆಯ ಜೋಡಿ ಗೋಪುರದ ಏರ್ ಕೂಲರ್‌ಗಿಂತ ದೊಡ್ಡ ಮಟ್ಟಿಗೆ ಮುಂದಿರುವುದಿಲ್ಲ. ಇಲ್ಲಿ ಜನ ಹೆಚ್ಚಾಗಿ ಬಿಟ್ಟುಬಿಡುವುದು 280 ಎಂಎಂ. ಅದರಲ್ಲಿ ಇರುವುದು ಎರಡೇ ಫ್ಯಾನು, ಆದರೆ 140 ಎಂಎಂನವು. ವಿಸ್ತೀರ್ಣ ಲೆಕ್ಕ ಹಾಕಿದರೆ 240ಕ್ಕಿಂತ ಶೇ. 36 ಜಾಸ್ತಿ, 360ಕ್ಕಿಂತ ಬರೀ ಶೇ. 9 ಕಡಿಮೆ. ಎರಡು ದೊಡ್ಡ ಫ್ಯಾನು ನಿಧಾನವಾಗಿ ತಿರುಗುವುದು ನಮಗೆ ಬೇಕಾದ್ದೇ ಅಲ್ವಾ? ಕ್ಯಾಬಿನೆಟ್ ಹಿಡಿಸುವುದಾದರೆ ನನ್ನ ಆಯ್ಕೆ 280.

ಪಂಪಿನ ವೇಗ ಇಳಿಸಲು ಬರುವ ಎಐಒ ಮಾತ್ರ ಕೊಳ್ಳಿ. ಸದಾ ಪೂರ್ತಿ ವೇಗದಲ್ಲೇ ಓಡುವ ಪಂಪಾದರೆ ಫ್ಯಾನು ಎಷ್ಟೇ ಮೆಲ್ಲಗಿರಲಿ, ಅದರ ಸಣ್ಣ ಕೊರೆತ ಕೇಳುತ್ತಲೇ ಇರುತ್ತದೆ. ಆರ್ಕ್ಟಿಕ್ ಲಿಕ್ವಿಡ್ ಫ್ರೀಜರ್ 3ರ ಪಂಪನ್ನು 800ರಿಂದ 2800 ಸುತ್ತಿನವರೆಗೆ ಬೇಕಾದಲ್ಲಿ ಇಡಬಹುದು. ಅದರ ರೇಡಿಯೇಟರ್ 38 ಎಂಎಂ ದಪ್ಪ, ಮೇಲೆ ಫ್ಯಾನಿನ 25 ಎಂಎಂ ಸೇರಿ 63. ಛಾವಣಿ ಮತ್ತು ಮದರ್‌ಬೋರ್ಡ್ ನಡುವೆ ಅಷ್ಟು ಜಾಗ ಇದೆಯಾ ಅಂತ ಅಳತೆಪಟ್ಟಿ ಹಿಡಿದು ನೋಡಿ.

ಕೂರಿಸುವಾಗ ರೇಡಿಯೇಟರ್‌ನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿ ಇರಲೇಬೇಕು. ಎಐಒ ಒಳಗೆ ಸ್ವಲ್ಪ ಗಾಳಿ ಇದ್ದೇ ಇರುತ್ತದೆ, ಅದು ಮೇಲಕ್ಕೆ ಹೋಗಿ ನಿಲ್ಲುತ್ತದೆ. ಪಂಪೇ ಎತ್ತರದಲ್ಲಿದ್ದರೆ ಗಾಳಿ ಅದರೊಳಗೆ ಸೇರಿ ಗೊಳಗೊಳ ಶುರು, ಪಂಪಿನ ಆಯಸ್ಸೂ ಕಡಿಮೆ. ಛಾವಣಿಯಲ್ಲಿ ಹಾಕುವುದು ಎಲ್ಲಕ್ಕಿಂತ ಒಳ್ಳೆಯದು. ಮುಂಭಾಗದಲ್ಲಿ ಹಾಕುವುದಾದರೆ, ಟ್ಯೂಬುಗಳ ಉದ್ದ ಸಾಲುವುದಾದರೆ ಅವು ಕೆಳಗಡೆ ಬರಲಿ. ಟ್ಯೂಬಿನ ಗೋಡೆಯ ಮೂಲಕ ನೀರು ವರ್ಷವರ್ಷ ಚೂರುಚೂರೇ ಆವಿಯಾಗಿ ಹೋಗುತ್ತದೆ. ಆಮೇಲೆ ತುಂಬಿಸಲು ಬಾರದ ಮಾದರಿಗಳೇ ಹೆಚ್ಚು. ಹಾಗಾಗಿ ಎಐಒವನ್ನು ಕೆಲವು ವರ್ಷದ ವಸ್ತು ಅಂತಲೇ ಲೆಕ್ಕ ಹಾಕಿ, ವಾರಂಟಿ ಎಷ್ಟು ವರ್ಷ ಅಂತ ನೋಡಿ ಕೊಳ್ಳಿ.

7. ನಾವೇ ಜೋಡಿಸುವ ಲೂಪ್

ಪಂಪು, ರೇಡಿಯೇಟರ್, ಟ್ಯೂಬು, ಚಿಪ್ಪಿನ ಮೇಲೆ ಕೂರುವ ಬ್ಲಾಕು ಎಲ್ಲ ಬಿಡಿಬಿಡಿಯಾಗಿ ತಂದು ಜೋಡಿಸುವ ನೀರಿನ ಸುತ್ತುದಾರಿಯೇ ಲೂಪ್. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡನ್ನೂ ನೀರಿನಲ್ಲಿ ತಣ್ಣಗಿಡುವುದಾದರೆ ಮಾತ್ರ ಈ ಶ್ರಮ ಸಾರ್ಥಕ. ಆಗ ಸಿಗುವ ನಿಶ್ಶಬ್ದ ಬೇರೆ ಯಾವುದರಿಂದಲೂ ಸಿಗುವುದಿಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಹೊಸಬರು ಜಾಸ್ತಿ ತಲೆಕೆಡಿಸಿಕೊಳ್ಳುವುದು ನೀರಿನ ಹರಿವಿನ ಬಗ್ಗೆ. ಸಣ್ಣ ಲೆಕ್ಕ ಮಾಡೋಣ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.18 ಜೂಲ್ ಬೇಕು. ನಿಮಿಷಕ್ಕೆ ಒಂದು ಲೀಟರ್ ಹರಿದರೆ ಸೆಕೆಂಡಿಗೆ ಸುಮಾರು 16.7 ಗ್ರಾಂ. ಅಂದರೆ 70 ವ್ಯಾಟ್‌ಗೆ ನೀರು ಏರುವುದು ಒಂದೇ ಡಿಗ್ರಿ. 300 ವ್ಯಾಟ್‌ನ ಕಾರ್ಡನ್ನು ದಾಟಿ ಬಂದ ನೀರು ನಾಲ್ಕೂಕಾಲು ಡಿಗ್ರಿಯಷ್ಟೇ ಬಿಸಿಯಾಗಿರುತ್ತದೆ. ಹರಿವನ್ನು ಎರಡು ಪಟ್ಟು ಮಾಡಿದರೆ ಉಳಿಯುವುದು ಎರಡು ಡಿಗ್ರಿ ಚಿಲ್ಲರೆ, ಪಂಪು ಮಾತ್ರ ಕೂಗುತ್ತದೆ. ಡಿ5 ಅನ್ನುವ ಮಾದರಿಯ ಪಂಪು ಅಡ್ಡಿಯಿಲ್ಲದೆ ಗಂಟೆಗೆ 1500 ಲೀಟರ್ ತಳ್ಳಬಲ್ಲದು. ಅದನ್ನು ಕೆಳಗಿನ ವೇಗದಲ್ಲಿ ಇಟ್ಟರೂ ಸಾಮಾನ್ಯ ಲೂಪಿಗೆ ಸಾಕು. ಪಂಪನ್ನು ನೇರ ತಗಡಿಗೆ ಸ್ಕ್ರೂ ಮಾಡದೆ ಮೆತ್ತನೆಯ ರಬ್ಬರ್ ಅಥವಾ ಸ್ಪಂಜಿನ ಮೇಲೆ ಕೂರಿಸಿ. ಪಂಪಿನ ಸದ್ದಿನಲ್ಲಿ ತಗಡಿನ ಪಾಲೇ ದೊಡ್ಡದು.

ದುಡ್ಡು ಸುರಿಯಬೇಕಾದ್ದು ರೇಡಿಯೇಟರ್‌ಗೆ. 100 ವ್ಯಾಟ್‌ಗೆ ಒಂದು 120 ಎಂಎಂ ಜಾಗ ಅನ್ನುವುದು ರೂಢಿಯಲ್ಲಿರುವ ಲೆಕ್ಕ. ನಿಧಾನದ ಫ್ಯಾನು ಬೇಕಿದ್ದರೆ ಇದರ ಒಂದೂವರೆ ಪಟ್ಟು ಇಡಿ. ಫಿನ್ನುಗಳು ತೀರಾ ಒತ್ತಾಗಿರುವ ರೇಡಿಯೇಟರ್ ಜೋರು ಫ್ಯಾನಿಗೆ ಮಾಡಿದ್ದು, ನಮಗೆ ಬೇಡ. ಹಾಗೇ ಅತಿ ದಪ್ಪದ ಒಂದರ ಬದಲು ಸಾದಾ ದಪ್ಪದ ಎರಡು ಒಳ್ಳೆಯದು.

ಲೋಹಗಳ ವಿಷಯದಲ್ಲಿ ರಾಜಿ ಬೇಡವೇ ಬೇಡ. ತಾಮ್ರ, ಹಿತ್ತಾಳೆ, ನಿಕ್ಕಲ್ ಜೊತೆಗಿರಬಹುದು. ಅದೇ ಲೂಪಿನಲ್ಲಿ ಅಲ್ಯುಮಿನಿಯಂ ಭಾಗ ಬಂದರೆ ಅದು ಕೊರೆದುಹೋಗುತ್ತದೆ. ಅಗ್ಗದ ರೇಡಿಯೇಟರ್ ಕೊಳ್ಳುವಾಗ ಯಾವ ಲೋಹದ್ದು ಅಂತ ಕೇಳಿಯೇ ಕೊಳ್ಳಿ. ಬರೀ ನೀರು ಹಾಕಬೇಡಿ. ತುಕ್ಕು ಮತ್ತು ಪಾಚಿ ತಡೆಯುವ ಅಂಶ ಇರುವ ಬಣ್ಣವಿಲ್ಲದ ಕೂಲೆಂಟ್ ಸಾಕು. ಹೊಳೆಯುವ, ಹಾಲಿನಂಥ ಬಣ್ಣದವು ಬ್ಲಾಕಿನ ಸಣ್ಣ ಸಂದುಗಳಲ್ಲಿ ಕಟ್ಟಿಕೊಳ್ಳುತ್ತವೆ. ಟ್ಯೂಬು ಜೋಡಿಸುವ ಫಿಟ್ಟಿಂಗ್ ಎಲ್ಲ ಜಿ ಕಾಲು ಇಂಚಿನ ಮರೆಯವು (ಸ್ಕ್ರೂ ಥ್ರೆಡ್), ಮೊದಲ ಸಲಕ್ಕೆ ಮೆತ್ತನೆ ಟ್ಯೂಬೇ ಇರಲಿ. ನೀರು ತುಂಬುವ ಮುಂಚೆ ಗಾಳಿ ಒತ್ತಡದ ಟೆಸ್ಟರ್‌ನಲ್ಲಿ ಸೋರಿಕೆ ನೋಡಿ. ಆಮೇಲೆ ಬೇರೆ ಯಾವ ಭಾಗಕ್ಕೂ ಕರೆಂಟು ಕೊಡದೆ ಪಂಪನ್ನು ಮಾತ್ರ ಓಡಿಸಿ ಗಾಳಿ ಹೊರಬಿಡಿ.

8. ಗ್ರಾಫಿಕ್ಸ್ ಕಾರ್ಡ್

ಆಟ ಆಡುವವರ ಕಂಪ್ಯೂಟರ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಗದ್ದಲ ಇದರದ್ದೇ. ಆರ್‌ಟಿಎಕ್ಸ್ 4090ರ ಮಿತಿ 450 ವ್ಯಾಟ್, 4070ರದ್ದು 200. ಹೊಸ ಕಾರ್ಡ್ ಕೊಳ್ಳುವಾಗ ಅದೇ ಚಿಪ್ಪಿನ ದೊಡ್ಡ, ದಪ್ಪ ಹೀಟ್‌ಸಿಂಕ್ ಇರುವ ಮಾದರಿ ತಗೊಳ್ಳಿ. ಹೊರೆ ಇಲ್ಲದಾಗ ಫ್ಯಾನು ಪೂರ್ತಿ ನಿಲ್ಲುವಂಥದ್ದಿರಲಿ. ಈಗಿರುವ ಕಾರ್ಡಿಗೆ ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಪವರ್ ಲಿಮಿಟ್ ಶೇ. 80ಕ್ಕೆ ಇಳಿಸಿ ನೋಡಿ. ಆಟದಲ್ಲಿ ವ್ಯತ್ಯಾಸ ಹುಡುಕಬೇಕಾಗುತ್ತದೆ, ಫ್ಯಾನಿನ ಸದ್ದಿನಲ್ಲಿ ತಕ್ಷಣ ಗೊತ್ತಾಗುತ್ತದೆ.

9. ಫ್ಯಾನ್ ಕರ್ವ್ ಹಾಕುವುದು

ಎಷ್ಟು ಬಿಸಿಗೆ ಫ್ಯಾನು ಎಷ್ಟು ವೇಗದಲ್ಲಿ ತಿರುಗಬೇಕು ಅಂತ ಹೇಳುವ ಗೆರೆಯೇ ಫ್ಯಾನ್ ಕರ್ವ್. ಒಳ್ಳೆಯ ಭಾಗಗಳನ್ನೆಲ್ಲ ಹಾಕಿ ಬಯಾಸ್‌ನ ಮೂಲ ಸೆಟ್ಟಿಂಗ್ ಹಾಗೇ ಬಿಟ್ಟರೆ ಅರ್ಧ ಲಾಭ ಕೈಬಿಟ್ಟ ಹಾಗೆ. ಬ್ರೌಸರ್ ತೆರೆದರೆ ಸಾಕು, ಪ್ರೊಸೆಸರ್ ಒಂದು ಕ್ಷಣ 40ರಿಂದ 60 ಡಿಗ್ರಿಗೆ ಹಾರುತ್ತದೆ, ಫ್ಯಾನೂ ಜೊತೆಗೆ ಹಾರುತ್ತದೆ. ಒಂದೇ ಸಮ ಇರುವ ಸದ್ದನ್ನು ಕಿವಿ ಮರೆಯುತ್ತದೆ. ಏರಿಳಿಯುವುದನ್ನು ಮರೆಯುವುದಿಲ್ಲ.

ಮೊದಲು ಪ್ರತಿ ಫ್ಯಾನಿನ ಕೆಟ್ಟ ಜಾಗ ಹುಡುಕಿ. ಉಳಿದ ಫ್ಯಾನುಗಳನ್ನೆಲ್ಲ ಕೆಳಗಿಟ್ಟು ಒಂದನ್ನೇ 500 ಸುತ್ತಿನಿಂದ ಐವತ್ತೈವತ್ತರಂತೆ ಏರಿಸುತ್ತಾ ಹೋಗಿ. ಪ್ರತಿ ಮೆಟ್ಟಿಲಲ್ಲೂ ಒಂದೆರಡು ಉಸಿರಿನಷ್ಟು ಹೊತ್ತು ನಿಂತು, ದಿನವೂ ಕೂರುವ ಜಾಗದಲ್ಲೇ ಕೂತು ಕೇಳಿ. 850ರವರೆಗೆ ಬರೀ ಗಾಳಿಯ ಸುಯ್ ಇರುತ್ತದೆ ಅಂದುಕೊಳ್ಳಿ. 900 ಮುಟ್ಟಿದಾಗ ದಿಢೀರನೆ ಒಂದು ಗುಂಯ್ ಎದ್ದು ಬರುತ್ತದೆ, 1000 ದಾಟಿದಾಗ ಮಾಯವಾಗುತ್ತದೆ. ಫ್ಯಾನಿನ ಸ್ವರ ಕ್ಯಾಬಿನೆಟ್‌ನ ಯಾವುದೋ ತಗಡಿನ ಸ್ವಂತ ಸ್ವರಕ್ಕೆ ಕೂಡಿದ ಜಾಗ ಅದು. ಒಂಬತ್ತು ರೆಕ್ಕೆಯ ಫ್ಯಾನು 1000 ಸುತ್ತಿನಲ್ಲಿ ಹೊರಡಿಸುವುದು 150 ಹರ್ಟ್ಜ್. ಆ ನಡುವಿನ ಭಾಗದಲ್ಲಿ ಫ್ಯಾನು ನಿಲ್ಲದಂತೆ ಕರ್ವ್ ಬರೆಯಿರಿ. 850ರಲ್ಲಿ ಸಪಾಟಾಗಿ ಹೋಗಿ, ಮುಂದಿನ ಮೆಟ್ಟಿಲು ನೇರ 1050ಕ್ಕೆ.

ಆಮೇಲೆ ಸಪಾಟು ಭಾಗವನ್ನು ಉದ್ದ ಮಾಡಿ. ಏರ್ ಕೂಲರ್‌ಗೆ 70 ಡಿಗ್ರಿಯವರೆಗೂ ಒಂದೇ ಕಡಿಮೆ ವೇಗ ಸಾಕು. ಅಲ್ಲಿಂದ 85ರವರೆಗೆ ಮೆಲ್ಲಗೆ ಏರಲಿ, ಮಿತಿ ಹತ್ತಿರ ಬಂದಾಗ ಮಾತ್ರ ಪೂರ್ತಿ ವೇಗ. ವೇಗ ಬದಲಾಗಲು ಹಿಡಿಯುವ ಸಮಯವನ್ನು ಬಯಾಸ್ ಬಿಟ್ಟಷ್ಟು ಜಾಸ್ತಿ ಇಡಿ. ಕ್ಯಾಬಿನೆಟ್ ಫ್ಯಾನುಗಳನ್ನು ಪ್ರೊಸೆಸರ್ ಬಿಸಿಗೆ ಕಟ್ಟಬೇಡಿ, ಗ್ರಾಫಿಕ್ಸ್ ಕಾರ್ಡಿನ ಬಿಸಿಗೆ ಕಟ್ಟಿ. ಬಯಾಸ್‌ನಲ್ಲಿ ಆಗದಿದ್ದರೆ ಸಾಫ್ಟ್‌ವೇರ್‌ನಲ್ಲಿ ಮಾಡಬಹುದು. ಲೂಪ್ ಇರುವವರು ನೀರಿನ ಬಿಸಿ ಅಳೆಯುವ ಸೆನ್ಸರ್ ಹಾಕಿ, ಫ್ಯಾನುಗಳನ್ನು ಅದಕ್ಕೇ ಕಟ್ಟಿ. ನೀರು 40 ಡಿಗ್ರಿ ಆಸುಪಾಸಿನಲ್ಲಿದ್ದರೆ ಚಿಂತೆ ಇಲ್ಲ. ಪಂಪನ್ನು ಬಿಸಿಯ ಜೊತೆ ಏರಿಳಿಸದೆ ಒಂದೇ ವೇಗದಲ್ಲಿ ಬಿಡಿ.

ಕರ್ವ್ ಹಾಕಿದ ಮೇಲೆ ನಿಮ್ಮ ಅತಿ ಭಾರದ ಕೆಲಸವನ್ನು ಏರ್ ಕೂಲರ್‌ನಲ್ಲಾದರೆ ಅರ್ಧ ಗಂಟೆ, ನೀರಿನಲ್ಲಾದರೆ ಒಂದು ಗಂಟೆ ಓಡಿಸಿ ನೋಡಿ. ಬಿಸಿಯ ಅಂಕಿಯ ಜೊತೆ ಕೋಣೆಯ ಬಿಸಿಯನ್ನೂ ಬರೆದಿಡಿ. ಕೋಣೆ 22 ಡಿಗ್ರಿ ಇದ್ದಾಗ ಸರಿಹೋದದ್ದು 34ರಲ್ಲಿ ಪ್ರೊಸೆಸರ್‌ಗೆ ಹೆಚ್ಚುಕಡಿಮೆ 12 ಡಿಗ್ರಿ ಸೇರಿಸುತ್ತದೆ, ಅಷ್ಟು ಜಾಗ ಕರ್ವ್‌ನಲ್ಲಿ ಉಳಿದಿರಬೇಕು. ಕೆಲವು ತಿಂಗಳ ಮೇಲೆ ಅದೇ ಕೆಲಸಕ್ಕೆ ಐದಾರು ಡಿಗ್ರಿ ಏರಿದ್ದು ಕಂಡರೆ ಫಿಲ್ಟರ್ ಮತ್ತು ಫಿನ್ನುಗಳಲ್ಲಿ ಧೂಳು ಕಟ್ಟಿದೆ ಅಂತ ತಿಳಿಯಿರಿ. ಬ್ಲೋವರ್‌ನಿಂದ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬಿಟ್ಟರೆ ಅದು ತನ್ನ ಮಿತಿಗಿಂತ ಜೋರಾಗಿ ತಿರುಗಿ ಬೇರಿಂಗ್ ಹಾಳಾಗುತ್ತದೆ.